ಬೈಪಾಸಿನ ಕಾರಿಗೆ ಊರೊಳಗಿನ ಹೋಟೆಲಿನ ಕರೆ

ಹೋಟೆಲಿನವರು: ಹೆದ್ದಾರಿಯಲ್ಲಿ ಓಡುವ ವಾಹನಗಳು ಒಂದರೊಡನೊಂದು ರೇಡಿಯೊದಲ್ಲಿ ಮಾತಾಡಿಕೊಳ್ಳುವ ಜಾಲವೊಂದಿದೆ, ಅದರಲ್ಲಿ ರಸ್ತೆಬದಿಯ ಹೋಟೆಲು, ಅಂಗಡಿ, ಪಂಕ್ಚರ್ ಶಾಪಿನವರೂ ಜಾಹೀರಾತು ಕೊಡಬಹುದು ಅನ್ನುತ್ತಾರೆ. ಇದು ಮೊಬೈಲಿನ ಕೆಲಸವೋ, ವೈಫೈ ಕೆಲಸವೋ ಮೇಷ್ಟ್ರೇ?

ಮೇಷ್ಟ್ರು: ಮೂಲದಲ್ಲಿ ವೈಫೈ. ವಾಹನದೊಳಗೆ ಒಂದು ಸಣ್ಣ ರೇಡಿಯೊ ಪೆಟ್ಟಿಗೆ ಇರುತ್ತದೆ, ರಸ್ತೆಬದಿಯ ಕಂಬದ ಮೇಲೆ ಅಂಥದ್ದೇ ಇನ್ನೊಂದು. ಮನೆಯ ವೈಫೈಗೆ ಫೋನು ಸೇರಬೇಕಾದರೆ ಹೆಸರು, ಪಾಸ್‌ವರ್ಡು, ವಿಳಾಸ ಹಂಚಿಕೆ ಅಂತ ಒಂದಷ್ಟು ಶಾಸ್ತ್ರ ಮುಗಿಯಬೇಕು. ಓಡುವ ಕಾರಿಗೆ ಅಷ್ಟು ಬಿಡುವಿಲ್ಲ. ಅದಕ್ಕಾಗಿ ಐಇಇಇ ಸಂಸ್ಥೆ 2010ರಲ್ಲಿ 802.11ಪಿ ಎಂಬ ಮಾನಕವನ್ನು ಅಂಗೀಕರಿಸಿತು. ಅದರಲ್ಲಿ ಸೇರ್ಪಡೆಯ ಶಾಸ್ತ್ರವೇ ಇಲ್ಲ. ಕಂಬ ಹೇಳುತ್ತಲೇ ಇರುತ್ತದೆ, ವ್ಯಾಪ್ತಿಯೊಳಗೆ ಬಂದ ಕಾರು ಕೇಳಿಸಿಕೊಳ್ಳುತ್ತದೆ. ಕಾರು ಕಾರಿಗೆ ಹೇಳುವುದೂ ಹೀಗೆಯೇ. ಇದಕ್ಕೆಂದು 5.9 ಗಿಗಾಹರ್ಟ್ಸ್ ಸುತ್ತಮುತ್ತಲ ತರಂಗಗಳನ್ನು ಹಲವು ದೇಶಗಳು ಮೀಸಲಿಟ್ಟವು. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 1999ರಲ್ಲೇ 75 ಮೆಗಾಹರ್ಟ್ಸ್ ಕೊಟ್ಟಿತು, ಯುರೋಪು 2008ರಲ್ಲಿ 30 ಮೆಗಾಹರ್ಟ್ಸ್ ಕೊಟ್ಟಿತು. ಮೊಬೈಲಿನ ಕಡೆಯವರೂ ಸುಮ್ಮನಿರಲಿಲ್ಲ. ಟವರಿನ ನೆರವಿಲ್ಲದೆ ವಾಹನದಿಂದ ವಾಹನಕ್ಕೆ ನೇರವಾಗಿ ಸಂದೇಶ ಹೋಗುವ ಇನ್ನೊಂದು ಬಗೆಯನ್ನು ಅವರು 2017ರ ಹೊತ್ತಿಗೆ ರೂಪಿಸಿದರು. ಯಾವುದಾದರೂ ಸರಿ, ಹೋಟೆಲಿಗೆ ಸಂಬಂಧಪಟ್ಟ ಗುಣ ಒಂದೇ: ಹತ್ತಿರದಲ್ಲಿ ಹಾದುಹೋಗುವವರಿಗೆ, ಇಂಟರ್‌ನೆಟ್ಟಿನ ಹಂಗಿಲ್ಲದೆ, ಸುದ್ದಿ ಮುಟ್ಟುತ್ತದೆ.

ಹೋಟೆಲಿನವರು: ಹಾದುಹೋಗುವವರಿಗೆ ಸುದ್ದಿ ಮುಟ್ಟಿಸೋದಕ್ಕೆ ಇಷ್ಟು ದಿನ ಒಂದು ಬೋರ್ಡು ಸಾಕಾಗಿತ್ತು.

ಮೇಷ್ಟ್ರು: ರಸ್ತೆ ಊರೊಳಗೆ ಹಾದು ಹೋಗುವ ತನಕ ಸಾಕಾಗಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ ಯಜಮಾನ್ರೇ. ಸುಮಾರು 118 ಕಿ.ಮೀ. ಉದ್ದದ ಹೊಸ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸು, ಮದ್ದೂರಿಗೆ ಮೇಲ್ಸೇತುವೆ. ನಡುವಿನ ಆರು ಪಥಗಳಿಗೆ ಬೇಲಿ, ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ. ಮೊದಲು ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ಕಾಣುತ್ತಿತ್ತು, ಚನ್ನಪಟ್ಟಣದಲ್ಲಿ ಅಂಗಡಿಯ ಮುಂದೆ ತೂಗುಹಾಕಿದ ಬಣ್ಣದ ಗೊಂಬೆ ಕಾಣುತ್ತಿತ್ತು, ಮಕ್ಕಳು ಹಟ ಮಾಡಿದರೆ ಗಾಡಿ ನಿಲ್ಲುತ್ತಿತ್ತು. ಈಗ ಕಾರಿನವರಿಗೆ ಕಾಣುವುದು ಬೇಲಿ, ತಡೆಗೋಡೆ, ಕಿಲೋಮೀಟರ್ ಕಲ್ಲು.

ಹೋಟೆಲಿನವರು: ಮೇಲ್ಸೇತುವೆ ಮೇಲೆ ಹೋಗೋರಿಗೆ ಮದ್ದೂರು ದಾಟಿದ್ದೇ ಗೊತ್ತಾಗಲ್ಲ. ಒಲೆ ಮೇಲೆ ಎಣ್ಣೆ ಕಾಯ್ತಿರುತ್ತೆ, ಗಿರಾಕಿ ತಲೆ ಮೇಲೆ ಹೋಗ್ತಿರ್ತಾನೆ.

ಮೇಷ್ಟ್ರು: ಅಪಘಾತ ತಪ್ಪಿಸಲು, ಪ್ರಯಾಣದ ಹೊತ್ತು ಉಳಿಸಲು ಬೇಲಿ ಬೇಕು, ಅದನ್ನು ತೆಗೆಸುವ ಮಾತಿಲ್ಲ. ಆದರೆ ಬೇಲಿಯ ಜೊತೆಗೆ ಊರಿನ ವ್ಯಾಪಾರ ಪ್ರಯಾಣಿಕರ ಕಣ್ಣಿನಿಂದ ಮರೆಯಾಯಿತು. ಕಣ್ಣಿಗೆ ಕಾಣದ್ದನ್ನು ಕಾರಿನೊಳಕ್ಕೆ ತಿಳಿಸುವ ದಾರಿ ಇದೆಯೇ ಅನ್ನುವಲ್ಲಿ ಈ ವಾಹನ ಜಾಲದ ಪ್ರಶ್ನೆ ಏಳುತ್ತದೆ.

ಹೋಟೆಲಿನವರು: ಹಾಗಾದ್ರೆ ಎಲ್ಲಾ ಕಾರಲ್ಲೂ ಫಾಸ್ಟ್ಯಾಗ್ ಇದೆಯಲ್ಲ. ಅದರಲ್ಲೇ ಕಳಿಸಬಾರದಾ?

ಮೇಷ್ಟ್ರು: ಆಗುವುದಿಲ್ಲ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಯಿತು ನಿಜ, ಆದರೆ ಅದು ಬ್ಯಾಟರಿಯಿಲ್ಲದ ಚೀಟಿ. ಟೋಲ್‌ನ ಆಂಟೆನಾ 865ರಿಂದ 867 ಮೆಗಾಹರ್ಟ್ಸ್ ಅಲೆಯನ್ನು ಅದರ ಮೇಲೆ ಬಿಟ್ಟಾಗ ಆ ಅಲೆಯ ಶಕ್ತಿಯಲ್ಲೇ ಎಚ್ಚೆತ್ತು ತನ್ನ ಗುರುತಿನ ಸಂಖ್ಯೆ ಹೇಳುತ್ತದೆ, ಅದೂ ಕೆಲವೇ ಮೀಟರ್ ದೂರದಿಂದ. ಚಾಲಕನಿಗೆ ಏನನ್ನೂ ತೋರಿಸಲಾರದು. ಇನ್ನೊಂದು ಭೇದವನ್ನೂ ಗಮನಿಸಬೇಕು. ಫಾಸ್ಟ್ಯಾಗ್‌ನಲ್ಲಿ ಕಾರು ತಾನು ಯಾರೆಂದು ಹೇಳುತ್ತದೆ, ಕಂಬ ಬರೆದುಕೊಳ್ಳುತ್ತದೆ. ಜಾಹೀರಾತಿನಲ್ಲಿ ಕಂಬ ಹೇಳಬೇಕು, ಕಾರು ಕೇಳಬೇಕು. ಈ ಮಾತಿಗೆ ಆಮೇಲೆ ಬರೋಣ.

ಹೋಟೆಲಿನವರು: ಕಂಬ ಹೇಳೋದು ಅಂದ್ರೆ ಏನು ಹೇಳುತ್ತೆ? ಟಿವಿಯಲ್ಲಿ ಬರೋ ಹಾಗೆ ಹಾಡು, ಚಿತ್ರವೇ?

ಮೇಷ್ಟ್ರು: ಅಷ್ಟು ಭಾರ ಹೊರುವ ಜಾಲ ಇದಲ್ಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ ಜೆ2735 ಎಂಬ ಸಂದೇಶ ಕೋಶದಲ್ಲಿ ಪ್ರಯಾಣಿಕರ ಮಾಹಿತಿಗೆ ಒಂದು ನಮೂನೆ ಇದೆ. ಆ ನಮೂನೆಯಲ್ಲಿ ಸಂದೇಶದ ಜಾತಿಯನ್ನು ನಮೂದಿಸುವ ಕಡೆ ಎಚ್ಚರಿಕೆ, ರಸ್ತೆ ಫಲಕ ಇವುಗಳ ಜೊತೆ ವಾಣಿಜ್ಯ ಫಲಕ ಅನ್ನುವ ಆಯ್ಕೆಯನ್ನೂ ಇಟ್ಟಿದ್ದಾರೆ. ಮುಂದಿನ ಹೊರದಾರಿಯಲ್ಲಿ ಸಿಗುವ ಸೌಲಭ್ಯಗಳಿಗೇ ಒಂದು ಬೇರೆ ವಿಭಾಗವಿದೆ. ಸಂದೇಶ ಯಾವ ಜಾಗಕ್ಕೆ ಸಂಬಂಧಿಸಿದ್ದು, ಯಾವ ದಿಕ್ಕಿಗೆ ಹೋಗುವವರಿಗೆ, ಯಾವಾಗ ಶುರುವಾಗಿ ಎಷ್ಟು ನಿಮಿಷ ಊರ್ಜಿತ, 0ರಿಂದ 7ರವರೆಗಿನ ಆದ್ಯತೆಯಲ್ಲಿ ಎಷ್ಟನೆಯದು, ಎಲ್ಲಕ್ಕೂ ಕೋಣೆಗಳಿವೆ. ವಾಕ್ಯ ಬರೆಯುವ ಬದಲು ಎಷ್ಟೋ ಕಡೆ ಸಂಕೇತ ಸಂಖ್ಯೆ ಹಾಕಿದರೆ ಸಾಕು. ಇದರಲ್ಲಿ ನಮಗೆ ದೊಡ್ಡ ಅನುಕೂಲವಿದೆ. ಗಾಳಿಯಲ್ಲಿ ಹೋಗುವುದು ಅಂಕಿ. ಅದನ್ನು ಮಾತಾಗಿ ತೋರಿಸುವುದು ಕಾರಿನ ಪೆಟ್ಟಿಗೆ. ಕನ್ನಡದವರ ಕಾರಿನಲ್ಲಿ ‘ಮುಂದಿನ ತಿರುವಿನಲ್ಲಿ ಸಸ್ಯಾಹಾರಿ ಊಟ, ಶೌಚಾಲಯ ಇದೆ’ ಎಂದು ಬರುತ್ತದೆ, ಸೇಲಂ ಕಡೆಯಿಂದ ಬಂದ ಕಾರಿನಲ್ಲಿ ಅದೇ ಅಂಕಿ ತಮಿಳಾಗುತ್ತದೆ.

ಹೋಟೆಲಿನವರು: ಬೆಳಿಗ್ಗೆ ಹತ್ತಕ್ಕೆ ಇಡ್ಲಿ ಮುಗಿದರೆ?

ಮೇಷ್ಟ್ರು: ಊರ್ಜಿತದ ನಿಮಿಷ ಮುಗಿದ ಸಂದೇಶವನ್ನು ಕಾರು ತಾನೇ ಅಳಿಸುತ್ತದೆ. ಹೋಟೆಲಿನವರು ಅವಧಿ ಸರಿಯಾಗಿ ಹಾಕಬೇಕು ಅಷ್ಟೆ. ಫ್ಲೆಕ್ಸ್ ಬೋರ್ಡು ವರ್ಷಗಟ್ಟಲೆ ಒಂದೇ ಮಾತು ಹೇಳುತ್ತದೆ, ಇದು ಈ ಹೊತ್ತಿನ ಮಾತು ಹೇಳಬಲ್ಲದು. ‘ಈಗ ಪಾರ್ಕಿಂಗ್ ಖಾಲಿ ಇದೆ’, ‘ಚಾರ್ಜಿಂಗ್ ಪಾಯಿಂಟ್ ಬಿಡುವಾಗಿದೆ’ ಅನ್ನುವುದಕ್ಕೆ ಪ್ರಯಾಣಿಕರಲ್ಲಿ ನಿಜವಾದ ಬೆಲೆಯಿದೆ. ಯುರೋಪಿನ ಮಾನಕ ಸಂಸ್ಥೆ ಇಟಿಎಸ್‌ಐ ವಿದ್ಯುತ್ ವಾಹನಗಳ ಚಾರ್ಜಿಂಗ್ ತಾಣದ ಪ್ರಕಟಣೆಗೆಂದೇ ಪ್ರತ್ಯೇಕ ಮಾನಕ ಬರೆದಿದೆ. ಬ್ಯಾಟರಿ ತಳ ಕಂಡವರಿಗೆ ಅದು ಜಾಹೀರಾತು ಅನ್ನಿಸುವುದೇ ಇಲ್ಲ.

ಹೋಟೆಲಿನವರು: ಸರಿ, ಹೋಟೆಲ್ ಮೇಲೆ ಒಂದು ಆಂಟೆನಾ ನೆಟ್ಟರೆ ಎಷ್ಟು ದೂರಕ್ಕೆ ಕೇಳುತ್ತೆ?

ಮೇಷ್ಟ್ರು: ಬಯಲಿನಲ್ಲಿ, ಅಡ್ಡಿಯಿಲ್ಲದಿದ್ದರೆ, ಒಂದು ಕಿಲೋಮೀಟರ್ ತನಕ ಹೋದೀತು. ಲಾರಿ, ಕಟ್ಟಡ, ಸೇತುವೆ ಅಡ್ಡ ಇರುವ ಕಡೆ 300 ಮೀಟರ್ ಎಂದು ಲೆಕ್ಕ ಹಿಡಿಯುವುದು ಕ್ಷೇಮ. ಈ ಲೆಕ್ಕವನ್ನು ಹೋಟೆಲಿನವರು ತಪ್ಪದೆ ನೋಡಬೇಕು. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆಂಟೆನಾ ಹೊರದಾರಿಯ ಬಾಯಲ್ಲೇ ಇದ್ದರೆ, 300 ಮೀಟರ್ ಹಿಂದೆ ಸಂದೇಶ ಕೇಳಿದ ಚಾಲಕನಿಗೆ ಸಿಗುವುದು ಹನ್ನೊಂದೇ ಸೆಕೆಂಡು. ಅಷ್ಟರಲ್ಲಿ ಸಂದೇಶ ಓದಬೇಕು, ಹಿಂದೆ ಕೂತವರನ್ನು ‘ತಿಂಡಿಗೆ ನಿಲ್ಲಿಸೋಣವಾ’ ಅಂತ ಕೇಳಬೇಕು, ಕನ್ನಡಿ ನೋಡಿ ಬಲಪಥದಿಂದ ಎಡಕ್ಕೆ ಬರಬೇಕು, ವೇಗ ಇಳಿಸಬೇಕು. ಇದು ಗಿರಾಕಿಯನ್ನು ಕರೆದಂತಲ್ಲ, ಅಪಘಾತಕ್ಕೆ ದೂಡಿದಂತೆ. ಹೊರದಾರಿಗೆ ಕನಿಷ್ಠ ಎರಡು ಕಿಲೋಮೀಟರ್ ಹಿಂದೆ ಸುದ್ದಿ ಮುಟ್ಟಬೇಕು. ಆಗ ಎಪ್ಪತ್ತು ಸೆಕೆಂಡು ಮೀರಿ ಸಮಯ ಸಿಗುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ಮೊದಲೇ ಮುಟ್ಟಿದರೆ ಇನ್ನೂ ಒಳ್ಳೆಯದು. ಎಲ್ಲಿ ಉಣ್ಣಬೇಕು ಅನ್ನುವುದನ್ನು ಜನ ಹಸಿವಾಗುವ ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ.

ಹೋಟೆಲಿನವರು: ಮೂವತ್ತು ಕಿಲೋಮೀಟರ್ ಹಿಂದಕ್ಕೂ ಕಂಬ ನೆಡಬೇಕಾದರೆ ಹೋಟೆಲ್ ಮಾರಬೇಕಾಗುತ್ತೆ.

ಮೇಷ್ಟ್ರು: ಕಂಬ ಬೇಡ, ಎದುರು ದಿಕ್ಕಿನ ವಾಹನಗಳೇ ಸಾಕು. ಎದುರಿಗೆ ಬರುವ ಲಾರಿಯವರು ಕೈಯಾಡಿಸಿ ‘ಮುಂದೆ ಚೆಕಿಂಗ್ ಇದೆ’ ಅಂತ ತಿಳಿಸುತ್ತಾರಲ್ಲ, ಅದೇ ಕ್ರಮ. ಮೈಸೂರಿನಿಂದ ಬೆಂಗಳೂರಿಗೆ ಹೊರಟ ಕಾರು ಮದ್ದೂರಿನ ಕಂಬದ ಹತ್ತಿರ ಹಾದಾಗ ಸಂದೇಶವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಚನ್ನಪಟ್ಟಣ, ರಾಮನಗರದ ಕಡೆ ಹೋಗುತ್ತಾ, ಎದುರಿನಿಂದ ಮೈಸೂರಿಗೆ ಬರುವ ಕಾರುಗಳಿಗೆ ಅದನ್ನು ದಾಟಿಸುತ್ತದೆ. ಆ ಕಾರುಗಳಿಗೆ ಮದ್ದೂರು ಇನ್ನೂ ಮುಂದಿದೆ, ಆದ್ದರಿಂದ ಸುದ್ದಿ ಅವರಿಗೆ ಬೇಕಾದ ಸುದ್ದಿಯೇ. ಸಂದೇಶ ಹೊತ್ತ ಕಾರು 30 ಕಿ.ಮೀ. ಹೋಗಲು ಹದಿನೆಂಟು ನಿಮಿಷ ಹಿಡಿಯುತ್ತದೆ, ಸುದ್ದಿ ಅಷ್ಟು ಹಳತಾದರೂ ಅಡ್ಡಿಯಿಲ್ಲ.

ಹೋಟೆಲಿನವರು: ಎರಡೂ ನೂರರ ವೇಗದಲ್ಲಿ ಎದುರುಬದುರು ಹಾಯ್ದು ಹೋಗುವಾಗ ಸಂದೇಶ ದಾಟಿಸೋಕೆ ಹೊತ್ತೆಲ್ಲಿ?

ಮೇಷ್ಟ್ರು: ಕಣ್ಣಿಗೆ ಮಾತ್ರ ಅದು ಚಿಟಿಕೆ ಹೊತ್ತು. ಇಬ್ಬರ ವೇಗ ಕೂಡಿದರೆ ಸೆಕೆಂಡಿಗೆ ಸುಮಾರು 56 ಮೀಟರ್. 300 ಮೀಟರ್ ದೂರದಲ್ಲಿ ಕಿವಿಗೆ ಬಿದ್ದು, ದಾಟಿ 300 ಮೀಟರ್ ಹೋಗುವ ತನಕ ಅಂದರೆ 600 ಮೀಟರ್, ಹತ್ತಿರ ಹತ್ತಿರ ಹನ್ನೊಂದು ಸೆಕೆಂಡು. ಒಂದು ಹೋಟೆಲಿನ ಸಂದೇಶ 300 ಬೈಟ್ ಎಂದುಕೊಂಡರೆ, ಸೆಕೆಂಡಿಗೆ 6 ಮೆಗಾಬಿಟ್ ಸಾಗಿಸುವ ಚಾನೆಲ್‌ನಲ್ಲಿ ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲೂ ಅರ್ಧಕ್ಕಿಂತ ಕಡಿಮೆ. ದಾರಿಯುದ್ದದ ಅಂಗಡಿಗಳ ಪಟ್ಟಿಯನ್ನೇ ಕೊಟ್ಟು ಮುಗಿಸಬಹುದು.

ಹೋಟೆಲಿನವರು: ಅಷ್ಟು ಸಲೀಸಾದರೆ ಎಲ್ಲರೂ ಕೂಗ್ತಾರೆ. ಸಂತೆಯಾಗುತ್ತೆ.

ಮೇಷ್ಟ್ರು: ಅದೇ ನಿಜವಾದ ಅಪಾಯ. ಕೇಳಿಸಿಕೊಂಡ ಪ್ರತಿ ವಾಹನವೂ ತಿರುಗಿ ಹೇಳತೊಡಗಿದರೆ ಗಾಳಿಯೆಲ್ಲ ಗದ್ದಲವಾಗಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಇಂಥ ಜಾಲಗಳಲ್ಲಿ ಪ್ರಸಾರದ ಬಿರುಗಾಳಿ ಏಳುತ್ತದೆ ಎಂದು ಸಂಶೋಧಕರು 1999ರಲ್ಲೇ ತೋರಿಸಿದ್ದರು. ಅದಕ್ಕೆ ಮದ್ದು ಇದೆ. ಸಂದೇಶ ಕೇಳಿದವರಲ್ಲಿ ಅತಿ ದೂರದಲ್ಲಿರುವ ವಾಹನ ಮೊದಲು ಹೇಳುತ್ತದೆ, ಅದು ಹೇಳಿದ್ದನ್ನು ಕೇಳಿದ ಉಳಿದವು ಬಾಯಿಮುಚ್ಚಿಕೊಳ್ಳುತ್ತವೆ. ಮದ್ದೂರು ದಾಟಿ ದೂರ ಹೋದವರ ನಡುವೆ ಮದ್ದೂರಿನ ಸಂದೇಶ ಸಾಯಬೇಕು ಎಂಬ ಎಲ್ಲೆಯನ್ನೂ ಹಾಕುತ್ತಾರೆ.

ಆದರೆ ಗದ್ದಲಕ್ಕಿಂತ ದೊಡ್ಡ ಮಾತೊಂದಿದೆ. ಈ ತರಂಗಗಳನ್ನು ಸರ್ಕಾರಗಳು ಕೊಟ್ಟದ್ದು ಮುಖ್ಯವಾಗಿ ಜೀವ ಉಳಿಸುವುದಕ್ಕೆ. ಪ್ರತಿ ವಾಹನವೂ ಸೆಕೆಂಡಿಗೆ ಹತ್ತು ಸಲ ‘ಇಲ್ಲಿದ್ದೇನೆ, ಇಷ್ಟು ವೇಗ, ಬ್ರೇಕ್ ಒತ್ತಿದ್ದೇನೆ’ ಎಂದು ಸಾರುತ್ತಿರಬೇಕು ಅನ್ನುವುದು ಅಮೆರಿಕದ ಪದ್ಧತಿ. ಸಹಿ ಸೇರಿ ಒಂದೊಂದು ಸಾರಿಕೆ 300 ಬೈಟ್ ಎಂದು ಹಿಡಿಯಿರಿ. ವ್ಯಾಪ್ತಿಯಲ್ಲಿ ನೂರು ವಾಹನಗಳಿದ್ದರೆ ಸೆಕೆಂಡಿಗೆ 2.4 ಮೆಗಾಬಿಟ್ ಆಯಿತು. 6 ಮೆಗಾಬಿಟ್ಟಿನ ಚಾನೆಲ್‌ನಲ್ಲಿ ನೂರಕ್ಕೆ ನಲವತ್ತು ಪಾಲು ಇದಕ್ಕೇ ಹೋಯಿತು. ದಸರೆಯ ವಾರದಲ್ಲಿ ಗಣಂಗೂರು ಟೋಲ್‌ನಲ್ಲಿ ನಿಲ್ಲುವ ಸಾಲನ್ನು ನೆನೆಸಿಕೊಂಡರೆ ಚಾನೆಲ್ ಎಷ್ಟು ಕಿಕ್ಕಿರಿಯುತ್ತದೆ ಅಂತ ತಿಳಿಯುತ್ತದೆ. ಅಲ್ಲಿ ಒಂದು ವಡೆಯ ಜಾಹೀರಾತು ಒಂದು ಬ್ರೇಕಿನ ಸುದ್ದಿಯನ್ನು ಕ್ಷಣಕಾಲ ತಡೆದರೂ ಅದನ್ನು ಯಾರೂ ಸಮರ್ಥಿಸಲಾಗದು.

ಹೋಟೆಲಿನವರು: ಹಾಗಾದ್ರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಬೇಕು.

ಮೇಷ್ಟ್ರು: ಕೂರಿಸಿಯೇ ಶುರು ಮಾಡಿದ್ದರು. ಅಮೆರಿಕದ ಮೂಲ ಯೋಜನೆಯಲ್ಲಿ ತಲಾ 10 ಮೆಗಾಹರ್ಟ್ಸ್‌ನ ಏಳು ಚಾನೆಲ್‌ಗಳಿದ್ದವು. ನಡುವಿನದು ನಿಯಂತ್ರಣದ ಚಾನೆಲ್. ಅಂಗಡಿಯ ಸೇವೆ ಅದರ ಮೇಲೆ ಬರೀ ಸಣ್ಣ ಪ್ರಕಟಣೆ ಬಿಡಬಹುದಿತ್ತು: ‘ಇಂಥ ಸೇವೆ ಇದೆ, ವಿವರ ಆ ಚಾನೆಲ್‌ನಲ್ಲಿ’. ಬೇಕಿದ್ದ ಕಾರು ಆ ಚಾನೆಲ್‌ಗೆ ಹೋಗಿ ವಿವರ ಪಡೆಯುತ್ತದೆ, ಬೇಡದ ಕಾರಿಗೆ ಕಾಟವಿಲ್ಲ. ಆ ಏರ್ಪಾಡು ಒಳ್ಳೆಯದಿತ್ತು. ಈಗ ಜಾಗವೇ ಕಿರಿದಾಗಿದೆ. 2020ರ ನವೆಂಬರಿನಲ್ಲಿ ಎಫ್‌ಸಿಸಿ 75ರಲ್ಲಿ 45 ಮೆಗಾಹರ್ಟ್ಸನ್ನು ಸಾಮಾನ್ಯ ವೈಫೈಗೆ ಕೊಟ್ಟು, ಉಳಿದ 30ನ್ನು ಮೊಬೈಲ್ ಬಗೆಯ ವಾಹನ ರೇಡಿಯೊಗೆ ಮೀಸಲಿಟ್ಟಿತು; 2024ರ ನವೆಂಬರಿನಲ್ಲಿ ಅದಕ್ಕೆ ಅಂತಿಮ ನಿಯಮ ಬಂತು. ಇಪ್ಪತ್ತು ವರ್ಷ ಕಾದರೂ ರಸ್ತೆಯ ಮೇಲೆ ಅಂಥ ಕಾರುಗಳು ಸಾಕಷ್ಟು ಬರಲಿಲ್ಲ ಅನ್ನುವುದು ಒಂದು ಕಾರಣ. ಎಲ್ಲ ಹೊಸ ಕಾರಿಗೂ ಈ ರೇಡಿಯೊ ಕಡ್ಡಾಯ ಮಾಡುವ ಪ್ರಸ್ತಾಪವನ್ನು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2016ರ ಕೊನೆಯಲ್ಲಿ ಮುಂದಿಟ್ಟು, 2023ರಲ್ಲಿ ಹಿಂತೆಗೆದುಕೊಂಡಿತು. ಜಪಾನಿನಲ್ಲಿ ಟೊಯೋಟಾ 2015ರಿಂದ, ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ತನ್ನ ಎಂಟನೇ ತಲೆಮಾರಿನ ಗಾಲ್ಫ್‌ನಿಂದ ಇಂಥ ರೇಡಿಯೊವನ್ನು ಮಾರಾಟದ ಕಾರುಗಳಲ್ಲಿ ಹಾಕಿದವು.

ಹೋಟೆಲಿನವರು: ಕಾರುಗಳೇ ಇಲ್ಲದಿದ್ದರೆ ಸುದ್ದಿ ಹೊರೋರು ಯಾರು?

ಮೇಷ್ಟ್ರು: ಲೆಕ್ಕ ಹಾಕಿ. ಹತ್ತರಲ್ಲಿ ಒಂದು ಕಾರಿನಲ್ಲಿ ಪೆಟ್ಟಿಗೆ ಇದ್ದರೆ, ಎದುರಾಗುವ ಎರಡು ಕಾರುಗಳಲ್ಲಿ ಎರಡರಲ್ಲೂ ಇರುವ ಸಂಭವ ನೂರರಲ್ಲಿ ಒಂದು. ಕಂಬದಿಂದ ಕಾರಿಗೆ ಹೇಳುವುದಾದರೆ ಕಂಬ ಯಾವಾಗಲೂ ಅಲ್ಲೇ ಇರುತ್ತದೆ, ಹತ್ತರಲ್ಲಿ ಒಂದಕ್ಕಾದರೂ ಖಂಡಿತ ಕೇಳುತ್ತದೆ. ಆದ್ದರಿಂದ ಶುರುವಿನ ವರ್ಷಗಳಲ್ಲಿ ಕಂಬಗಳದ್ದೇ ಕೆಲಸ. ಕಾರಿನಿಂದ ಕಾರಿಗೆ ಹೊತ್ತೊಯ್ಯುವುದು ಮುಂದಿನ ಹಂತ.

ಹೋಟೆಲಿನವರು: ಇನ್ನೊಬ್ಬರ ಹೋಟೆಲಿನ ಸುದ್ದಿಯನ್ನ ಬಿಟ್ಟಿಯಾಗಿ ಯಾರು ಹೊರ್ತಾರೆ?

ಮೇಷ್ಟ್ರು: ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾರಿಯೊ ಗೆರ್ಲಾ ಎಂಬ ಪ್ರಾಧ್ಯಾಪಕರ ಬಳಗ ಇದನ್ನೇ ಹಿಡಿದು ಕೆಲಸ ಮಾಡಿತು. 2006ರ ಹೊತ್ತಿಗೆ ಆ ಬಳಗದಿಂದ ಎರಡು ಯೋಜನೆಗಳು ಬಂದವು. ಆ್ಯಡ್‌ಟೊರೆಂಟ್ ಅನ್ನುವುದರಲ್ಲಿ ರಸ್ತೆಬದಿಯ ಕಂಬ ಜಾಹೀರಾತಿನ ತುಣುಕುಗಳನ್ನು ಕಾರುಗಳಿಗೆ ಹಂಚುತ್ತದೆ, ಕಾರುಗಳು ತಮ್ಮಲ್ಲಿಲ್ಲದ ತುಣುಕನ್ನು ಪಕ್ಕದ ಕಾರಿನಿಂದ ಪಡೆದು ಪೂರ್ತಿ ಮಾಡಿಕೊಳ್ಳುತ್ತವೆ. ಫ್ಲೀನೆಟ್ ಅನ್ನುವುದು ಚಲಿಸುವ ಸಂತೆ. ‘ಇಂಥದ್ದು ಬೇಕು’ ಅನ್ನುವ ಕೋರಿಕೆಯನ್ನೂ ‘ಇಂಥದ್ದು ಇದೆ’ ಅನ್ನುವ ಪ್ರಕಟಣೆಯನ್ನೂ ವಾಹನಗಳು ಹೊತ್ತು ತಿರುಗಿ, ಹೊಂದಿಕೆಯಾದ ಕಡೆ ತಿಳಿಸುತ್ತವೆ. 2007ರಲ್ಲಿ ಅದೇ ವಿಶ್ವವಿದ್ಯಾಲಯದವರು ನಿಮ್ಮ ಪ್ರಶ್ನೆಗೂ ಉತ್ತರ ಹುಡುಕಿದರು. ಸಂದೇಶ ಪಡೆದ ಕಾರು ಕೊಟ್ಟ ಕಾರಿಗೆ ಡಿಜಿಟಲ್ ಸಹಿಯ ರಸೀದಿ ಕೊಡುತ್ತದೆ, ರಸೀದಿಗಳನ್ನು ಒಟ್ಟುಮಾಡಿದ ಚಾಲಕನಿಗೆ ಪ್ರತಿಫಲ ಸಿಗುತ್ತದೆ. ಸುಳ್ಳು ರಸೀದಿ ಸೃಷ್ಟಿಸದಂತೆ ಕಟ್ಟುಪಾಡುಗಳೂ ಅದರಲ್ಲಿವೆ. ಆದರೆ ರಸೀದಿ ಅಂದರೆ ಯಾರು ಯಾರನ್ನು ದಾರಿಯಲ್ಲಿ ಎದುರಾದರು ಅನ್ನುವುದರ ದಾಖಲೆಯೂ ಹೌದು. ಮದ್ದೂರಿನ ವಡೆಗಾಗಿ ಜನರ ಓಡಾಟದ ಕಡತ ತಯಾರಾಗುವುದು ದುಬಾರಿ ವ್ಯವಹಾರ. ಸಂದೇಶ ಇಷ್ಟು ಚಿಕ್ಕದಿರುವಾಗ, ಎಲ್ಲರ ಸಂದೇಶವನ್ನೂ ಎಲ್ಲರ ಪೆಟ್ಟಿಗೆಯೂ ಹೊರಲಿ ಎಂದು ಮಾನಕದಲ್ಲೇ ಬರೆದುಬಿಡುವುದು ಮೇಲು.

ಹೋಟೆಲಿನವರು: ಎದುರಂಗಡಿಯವನು ‘ಆ ಹೋಟೆಲ್ ಮುಚ್ಚಿದೆ’ ಅಂತ ಸುದ್ದಿ ಬಿಟ್ಟರೆ?

ಮೇಷ್ಟ್ರು: ಬಿಡಲಾಗದಂತೆ ಮಾಡಬಹುದು. ಐಇಇಇ 1609.2 ಮಾನಕದ ಪ್ರಕಾರ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ, ಸಹಿ ಹಾಕುವವರಿಗೆ ಪ್ರಮಾಣಪತ್ರ ಇರುತ್ತದೆ, ಆ ಪತ್ರದಲ್ಲಿ ಯಾವ ಬಗೆಯ ಸಂದೇಶಕ್ಕೆ ಅನುಮತಿ ಎಂದು ಬರೆದಿರುತ್ತದೆ. ಜಾಹೀರಾತಿಗಷ್ಟೇ ಅನುಮತಿ ಪಡೆದವರು ‘ಮುಂದೆ ರಸ್ತೆ ಬಂದ್’ ಎಂದು ಸಾರಿದರೆ ಕಾರುಗಳು ನಂಬುವುದಿಲ್ಲ. ಯಾರು ಹೇಳಿದರು ಅನ್ನುವುದಕ್ಕೆ ಸಹಿ ಜಾಮೀನು. ವಡೆ ಗರಿಗರಿಯಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಯಾವ ಸಹಿಯೂ ಜಾಮೀನಲ್ಲ.

ಹೋಟೆಲಿನವರು: ಗಾಡಿ ಓಡಿಸೋರು ಇದನ್ನೆಲ್ಲ ನೋಡ್ತಾ ಕೂತರೆ ಗತಿಯೇನು?

ಮೇಷ್ಟ್ರು: ನೋಡಬಾರದು. ಒಂದು ಸಲ ರಸ್ತೆಯಿಂದ ಕಣ್ಣು ತೆಗೆದರೆ ಎರಡು ಸೆಕೆಂಡು ಮೀರಬಾರದು, ಒಂದು ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು ಮೀರಬಾರದು ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ತಯಾರಕರಿಗೆ ಮಾರ್ಗಸೂಚಿ ಕೊಟ್ಟಿತು. ನೂರರ ವೇಗದಲ್ಲಿ ಆ ಎರಡು ಸೆಕೆಂಡಿಗೇ 56 ಮೀಟರ್ ಹೋಗಿರುತ್ತದೆ. ಹಾಗಾಗಿ ಸಂದೇಶ ತಾನಾಗಿ ಪರದೆಯ ಮೇಲೆ ಹಾರಬಾರದು. ಹೊರಡುವ ಮೊದಲೇ ‘ಶೌಚಾಲಯ, ಸಸ್ಯಾಹಾರ, ಚಾರ್ಜಿಂಗ್’ ಎಂದು ಬೇಕಾದ್ದನ್ನು ಗುರುತು ಮಾಡಿಟ್ಟರೆ ಪೆಟ್ಟಿಗೆ ಉಳಿದದ್ದನ್ನು ಬದಿಗೆ ಸರಿಸುತ್ತದೆ, ಹೊಂದಿದ್ದನ್ನು ಒಂದು ಸಾಲಿನಲ್ಲಿ ದನಿಯಾಗಿ ಹೇಳುತ್ತದೆ. ಕೇಳದವರಿಗೆ ಹೇಳದಿರುವುದೇ ಕ್ರಮ.

ಹೋಟೆಲಿನವರು: ಇಷ್ಟೆಲ್ಲಾ ಯಾಕೆ ಮೇಷ್ಟ್ರೇ? ಫೋನಿನ ಮ್ಯಾಪಿನಲ್ಲಿ ‘ಹತ್ತಿರದ ಹೋಟೆಲ್’ ಅಂತ ಒತ್ತಿದರೆ ಬರುತ್ತಲ್ಲ.

ಮೇಷ್ಟ್ರು: ಬರುತ್ತದೆ, ಮತ್ತು ಇವತ್ತಿನ ಮಟ್ಟಿಗೆ ಈ ಕೆಲಸದ ಬಹುಪಾಲು ನಡೆಯುತ್ತಿರುವುದು ಅಲ್ಲೇ. ಗೂಗಲ್ ಮ್ಯಾಪ್ಸ್‌ನಲ್ಲಿ ಹಣ ಕೊಟ್ಟವರ ಗುರುತು ಎದ್ದು ಕಾಣುತ್ತದೆ. ಗೂಗಲ್ 2013ರಲ್ಲಿ ಕೊಂಡ ವೇಜ್ ಎಂಬ ಆ್ಯಪ್‌ನಲ್ಲಿ ವಾಹನ ನಿಂತಾಗ ಮಾತ್ರ ಕಾಣುವ ಜಾಹೀರಾತಿನ ಕ್ರಮವೂ ಇದೆ. ಅಮೆರಿಕದ ಜನರಲ್ ಮೋಟಾರ್ಸ್ 2017ರ ಡಿಸೆಂಬರಿನಲ್ಲಿ ಕಾರಿನ ಪರದೆಯ ಮೇಲೇ ಕಾಫಿ ತರಿಸಿಕೊಳ್ಳುವ, ಪೆಟ್ರೋಲ್ ಬಂಕ್ ಹುಡುಕುವ ವ್ಯವಸ್ಥೆ ಶುರು ಮಾಡಿತು, ಅದರಲ್ಲಿ ಇದ್ದದ್ದು ಹೆಚ್ಚಾಗಿ ದೊಡ್ಡ ಸರಪಳಿ ಅಂಗಡಿಗಳು.

ಈ ಎಲ್ಲದರಲ್ಲೂ ಒಂದು ಸಮಾನ ಅಂಶವಿದೆ. ಜಾಹೀರಾತು ತೋರಿಸಬೇಕಾದರೆ ಪ್ರಯಾಣಿಕರು ಎಲ್ಲಿದ್ದಾರೆ ಎಂದು ದೂರದ ಕಂಪ್ಯೂಟರಿಗೆ ತಿಳಿದಿರಬೇಕು. ಯಾವ ದಿನ ಹೋದರು, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಎಲ್ಲವೂ ಕಂಪನಿಯ ಲೆಕ್ಕಕ್ಕೆ ಸೇರಬಲ್ಲವು. ಯಾವ ಹೋಟೆಲು ಮೇಲೆ ಬರಬೇಕು ಎಂದು ತೀರ್ಮಾನಿಸುವುದೂ ಆ ಕಂಪನಿಯೇ. ರಸ್ತೆಬದಿಯ ರೇಡಿಯೊದಲ್ಲಿ ಇದು ತಿರುಗುಮುರುಗು. ಕಂಬ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಯಾವುದು ಬೇಕು, ಯಾವುದು ಬೇಡ ಅನ್ನುವ ಆಯ್ಕೆ ಕಾರಿನೊಳಗೇ ನಡೆದು ಅಲ್ಲೇ ಉಳಿಯುತ್ತದೆ. ಕೇಳಿಸಿಕೊಂಡವರು ಯಾರು ಎಂದು ಕಂಬಕ್ಕೂ ಗೊತ್ತಿಲ್ಲ, ಹೋಟೆಲಿಗೂ ಗೊತ್ತಿಲ್ಲ. ಪೇಟೆಯಲ್ಲಿ ಬೋರ್ಡು ಓದಿ ಮುಂದೆ ಹೋಗುವ ಸ್ವಾತಂತ್ರ್ಯ ಹೆದ್ದಾರಿಯಲ್ಲೂ ಉಳಿಯುತ್ತದೆ. ಈ ವಿದ್ಯೆಯಲ್ಲಿ ಕಾಪಾಡಿಕೊಳ್ಳಬೇಕಾದ ಗುಣ ಇದು. ವೇಗ, ವ್ಯಾಪ್ತಿಗಳಲ್ಲಿ ಮೊಬೈಲ್ ಜಾಲ ಇದನ್ನು ಎಂದೋ ಮೀರಿಸಿದೆ. ಈ ಒಂದು ಗುಣದಲ್ಲಿ ಮೀರಿಸಲಾರದು.

ಹೋಟೆಲಿನವರು: ಕಾರು ತಾನು ಸೆಕೆಂಡಿಗೆ ಹತ್ತು ಸಲ ಎಲ್ಲಿದ್ದೇನೆ ಅಂತ ಸಾರುತ್ತೆ ಅಂದ್ರಿ. ಅದನ್ನ ಕದ್ದು ಕೇಳೋರು ಇರಬಹುದಲ್ಲ.

ಮೇಷ್ಟ್ರು: ಇರಬಹುದು. ಅದಕ್ಕೇ ವಾಹನಗಳಿಗೆ ಹೆಸರಿಲ್ಲದ ಪ್ರಮಾಣಪತ್ರಗಳನ್ನು ಕೊಟ್ಟು, ಆಗಾಗ ಬದಲಾಯಿಸುತ್ತಿರುವಂತೆ ಏರ್ಪಾಡು ಮಾಡಿದ್ದಾರೆ. ಇಷ್ಟು ಕಷ್ಟಪಟ್ಟು ಮರೆಮಾಡಿದ ಗುರುತನ್ನು ಒಂದು ರಿಯಾಯಿತಿ ಕೂಪನ್ನಿಗಾಗಿ ಫೋನ್ ನಂಬರ್ ಕೇಳಿ ಬಯಲು ಮಾಡಬಾರದು. ಹತ್ತು ರೂಪಾಯಿ ಬಿಡುವುದಿದ್ದರೆ ಗಲ್ಲಾದಲ್ಲಿ ಎಲ್ಲರಿಗೂ ಬಿಡಲಿ.

ಹೋಟೆಲಿನವರು: ಕಂಬ ಯಾರದು? ಅದರ ಮೇಲೆ ಯಾರ ಮಾತು ಬರಬೇಕು ಅಂತ ಹೇಳೋರು ಯಾರು? ನಮ್ಮಂಥೋರಿಗೆ ಬೇಕಾದ್ದು ಅದು.

ಮೇಷ್ಟ್ರು: ಎಲ್ಲದರ ಹಣೆಬರಹ ಇಲ್ಲೇ ನಿರ್ಧಾರವಾಗುವುದು. ಹರಾಜು ಹಾಕಿದರೆ ಬೆಂಗಳೂರಿನಿಂದ ಮೈಸೂರಿನ ತನಕ ಎರಡು ಮೂರು ಸರಪಳಿ ಹೋಟೆಲುಗಳ ಹೆಸರೇ ಕೇಳುತ್ತದೆ. ಬೇರೆ ದಾರಿ ಇಲ್ಲದೆ ಇಲ್ಲ. ಅಮೆರಿಕದಲ್ಲಿ 1965ರ ಹೆದ್ದಾರಿ ಸೌಂದರ್ಯ ಕಾಯ್ದೆ ರಸ್ತೆಬದಿಯ ದೊಡ್ಡ ಜಾಹೀರಾತು ಹಲಗೆಗಳಿಗೆ ಕಡಿವಾಣ ಹಾಕಿತು. ಊರಿನ ಅಂಗಡಿಗಳ ಬಾಯಿ ಕಟ್ಟಿದಂತಾಗಬಾರದಲ್ಲ. ಹೊರದಾರಿಗೆ ಮುನ್ನ ಸರ್ಕಾರವೇ ನೀಲಿ ಫಲಕ ನೆಟ್ಟು, ಪೆಟ್ರೋಲ್, ಊಟ, ವಸತಿ ಎಂದು ವಿಂಗಡಿಸಿ, ಒಂದೊಂದರಲ್ಲಿ ಆರು ಅಂಗಡಿಗಳ ಗುರುತಿಗೆ ಜಾಗ ಕೊಡುವ ಪದ್ಧತಿ ಬೆಳೆಯಿತು. ಅಂಗಡಿ ಹೊರದಾರಿಗೆ ಇಷ್ಟು ದೂರದೊಳಗಿರಬೇಕು, ಇಂಥ ಸೌಲಭ್ಯ ಇರಬೇಕು ಎಂಬ ಷರತ್ತುಗಳಿವೆ, ಎಲ್ಲರ ಗುರುತಿಗೂ ಒಂದೇ ಅಳತೆ. ಬೋರ್ಡಿನ ಬಲದಿಂದಲೇ ಬದುಕಿದ ಅಂಗಡಿ ನೋಡಬೇಕಾದರೆ ದಕ್ಷಿಣ ಡಕೋಟಾದ ವಾಲ್ ಎಂಬ ಪುಟ್ಟ ಊರಿಗೆ ಹೋಗಬೇಕು. 1931ರಲ್ಲಿ ಒಬ್ಬ ಔಷಧ ವ್ಯಾಪಾರಿ ಅಲ್ಲಿ ಅಂಗಡಿ ಕೊಂಡರು. ಐದು ವರ್ಷ ವ್ಯಾಪಾರವಿಲ್ಲ. 1936ರಲ್ಲಿ ಹೆದ್ದಾರಿಯ ಪಕ್ಕ ‘ಉಚಿತವಾಗಿ ಐಸ್ ನೀರು’ ಎಂದು ಹಲಗೆ ನೆಟ್ಟರು. ಬಿಸಿಲಲ್ಲಿ ಬೆಂದ ಪ್ರಯಾಣಿಕರು ನೀರಿಗೆ ನಿಂತರು, ನಿಂತವರು ಸಾಮಾನೂ ಕೊಂಡರು. ಆ ವಾಲ್ ಡ್ರಗ್ ಈಗ ದೇಶದ ಹೆಸರಾಂತ ನಿಲುಗಡೆಗಳಲ್ಲಿ ಒಂದು.

ಹೋಟೆಲಿನವರು: ನೀರು ಕೊಟ್ಟು ಕರೆದರು. ಅದು ನಮ್ಮ ಕಡೆಯವರಿಗೂ ಗೊತ್ತಿರೋ ವಿದ್ಯೆ. ಹೇಳಿಕೊಳ್ಳೋಕೆ ಜಾಗ ಬೇಕಷ್ಟೆ.

ಮೇಷ್ಟ್ರು: ಆ ಜಾಗವನ್ನು ನಿಯಮ ಬರೆಯುವ ಹೊತ್ತಿಗೇ ಕೇಳಿ ಪಡೆಯಬೇಕು. ಒಂದೊಂದು ಹೊರದಾರಿಗೆ ಹೆದ್ದಾರಿ ಪ್ರಾಧಿಕಾರದ ಒಂದು ಕಂಬ ಸಾಕು, ಸುರಕ್ಷತೆಯ ಸಂದೇಶಕ್ಕೆ ಹೇಗೂ ಅದು ಬೇಕೇ ಬೇಕು. ಸುರಕ್ಷತೆಯ ಪಾಲು ಮುಗಿದ ಮೇಲೆ ಉಳಿದ ಸಮಯದಲ್ಲಿ ಆ ಊರಿನ ಅಂಗಡಿಗಳ ಸಂದೇಶ ಸರದಿಯಲ್ಲಿ ಬರಲಿ. ಚನ್ನಪಟ್ಟಣದ ಗೊಂಬೆ ಕೆಲಸದವರಿಗೂ ಸರಪಳಿ ಹೋಟೆಲಿಗೂ ಒಂದೇ ಅಳತೆ, ಒಂದೇ ಶುಲ್ಕ. ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ; ಸರ್ವಿಸ್ ರಸ್ತೆಯಲ್ಲಿ ಹೋಗುವ ಅವರಿಗೂ, ಪೆಟ್ಟಿಗೆಯಿಲ್ಲದ ಹಳೆಯ ಕಾರಿನವರಿಗೂ ಇದೇ ಪಟ್ಟಿ ಹೊರದಾರಿಯ ಫಲಕದ ಮೇಲೆ ಬರಹವಾಗಿಯೂ ಇರಲಿ. ಫಲಕಕ್ಕೆ ಯಾವ ರೇಡಿಯೊವೂ ಬೇಡ, ಅದನ್ನು ಇವತ್ತೇ ಕೇಳಬಹುದು.

ಹೋಟೆಲಿನವರು: ಯಾರನ್ನ ಕೇಳೋದು?

ಮೇಷ್ಟ್ರು: ಫಲಕಕ್ಕೆ ಹೆದ್ದಾರಿ ಪ್ರಾಧಿಕಾರವನ್ನು. ತರಂಗದ ವಿಷಯಕ್ಕೆ ದೂರಸಂಪರ್ಕ ಇಲಾಖೆಯನ್ನು ಮತ್ತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅನ್ನು. ಟ್ರಾಯ್ ಯಾವುದೇ ಶಿಫಾರಸಿಗೆ ಮುನ್ನ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಂಥ ಪತ್ರಗಳಿಗೆ ಉತ್ತರ ಬರೆಯುವವರು ಸಾಮಾನ್ಯವಾಗಿ ಮೊಬೈಲ್ ಕಂಪನಿಗಳು, ಕಾರು ತಯಾರಕರು, ಅವರ ಒಕ್ಕೂಟಗಳು. ಬಿಡದಿಯಿಂದ ಶ್ರೀರಂಗಪಟ್ಟಣದ ತನಕ ಹೋಟೆಲು, ಗೊಂಬೆ ಅಂಗಡಿ, ಎಳನೀರು ವ್ಯಾಪಾರದವರು ಒಂದಾಗಿ, ವಾಹನ ಜಾಲದ ವಿಷಯ ಬಂದಾಗ ತಮ್ಮ ಮಾತನ್ನೂ ಬರೆದು ಕಳಿಸಬೇಕು. ವಕೀಲರ ಭಾಷೆಯೇನೂ ಬೇಕಾಗಿಲ್ಲ, ಒಂದು ಪುಟದ ಪತ್ರ ಸಾಕು.